ದಾಟುವುದೋ, ಮೀರುವುದೋ: ಲಿಮಿಟ್ ಎಂಬ ಪದಕ್ಕೆ ಕನ್ನಡ ಹುಡುಕುವವರಿಗೆ

ನಮ್ಮ ಬಡಾವಣೆಯ ಒಂದು ವಸತಿ ಸಮುಚ್ಚಯದ ಗೇಟಿಗೆ ಹೋದ ವರ್ಷ ಹೊಸ ಫಲಕ ಬಂತು. ಮೇಲೆ ಇಂಗ್ಲಿಷಿನಲ್ಲಿ ‘ಸ್ಪೀಡ್ ಲಿಮಿಟ್ 20’, ಕೆಳಗೆ ಕನ್ನಡದಲ್ಲಿ ‘ವೇಗದ ಗಡಿ 20’. ಬರೆಸಿದವರಿಗೆ ಕನ್ನಡವೂ ಇರಲಿ ಎಂಬ ಕಾಳಜಿ ಇತ್ತು. ನಿಘಂಟು ತೆರೆದಿದ್ದರು, ಅದರಲ್ಲಿದ್ದ ಒಂದು ಪದವನ್ನು ಎತ್ತಿಕೊಂಡಿದ್ದರು. ನಿಘಂಟು ಅವರಿಗೆ ಸುಳ್ಳು ಹೇಳಿರಲಿಲ್ಲ. ಲಿಮಿಟ್ ಎಂಬ ಪದದ ಎದುರು ಅಲ್ಲಿ ಮಿತಿ, ಎಲ್ಲೆ, ಮೇರೆ, ಗಡಿ, ಸೀಮೆ, ಅವಧಿ ಎಂದು ಸಾಲಾಗಿ ಕೊಟ್ಟಿರುತ್ತಾರೆ. ಆ ಸಾಲಿನಲ್ಲಿ ಯಾವುದನ್ನು ಎತ್ತಿಕೊಂಡರೂ ಆದೀತು ಎಂದು ನಿಘಂಟು ಹೇಳುವುದಿಲ್ಲ. ನಾವೇ ಹಾಗೆ ತಿಳಿದುಕೊಳ್ಳುತ್ತೇವೆ.

ಅನುವಾದ ಮಾಡುವವರು, ಕಚೇರಿಯಲ್ಲಿ ಸುತ್ತೋಲೆ ಬರೆಯುವವರು, ಮಕ್ಕಳಿಗೆ ಪಾಠ ಹೇಳುವವರು ಎಲ್ಲರೂ ಈ ಪದದ ಎದುರು ಒಂದಲ್ಲ ಒಂದು ದಿನ ನಿಂತಿರುತ್ತಾರೆ. ನಾನೂ ಬಹಳ ಸಲ ನಿಂತಿದ್ದೇನೆ. ಆಗೆಲ್ಲ ನನಗೆ ನೆರವಾದದ್ದು ಪದಗಳ ಪಟ್ಟಿಯಲ್ಲ, ಕ್ರಿಯಾಪದ. ಗಡಿಯನ್ನು ನಾವು ದಾಟುತ್ತೇವೆ. ಮಿತಿಯನ್ನು ಮೀರುತ್ತೇವೆ. ಗಡುವು ಮುಗಿಯುತ್ತದೆ. ಬದುವನ್ನು ಒತ್ತುತ್ತಾರೆ, ಬೇಲಿಯನ್ನು ಹಾರುತ್ತಾರೆ. ತಾಳ್ಮೆಯ ಕಟ್ಟೆ ಒಡೆಯುತ್ತದೆ, ಪಾಕದ ಹದ ತಪ್ಪುತ್ತದೆ. ಇಂಗ್ಲಿಷಿನಲ್ಲಿ ಇವೆಲ್ಲವನ್ನೂ ಒಂದೇ ಲಿಮಿಟ್ ಹೊತ್ತುಕೊಂಡು ನಡೆಯಬಲ್ಲದು. ಕನ್ನಡದಲ್ಲಿ ಪ್ರತಿಯೊಂದಕ್ಕೂ ಅದರದೇ ಜೊತೆಗಾರ ಇದ್ದಾನೆ. ಹಾಗಾಗಿ ನಾಮಪದಕ್ಕೆ ಕೈಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಜನ ಏನು ಮಾಡುತ್ತಾರೆ, ದಾಟುತ್ತಾರೋ, ಮೀರುತ್ತಾರೋ, ತಪ್ಪುತ್ತಾರೋ? ವೇಗವನ್ನು ಯಾರೂ ದಾಟುವುದಿಲ್ಲ. ಅದು ಮೀರುವ ವಸ್ತು. ಆದ್ದರಿಂದ ‘ವೇಗಮಿತಿ’.

ಇಂಗ್ಲಿಷಿನ ಈ ಪದ ಹುಟ್ಟಿದ್ದು ಹೊಲದಲ್ಲಿ. ಲ್ಯಾಟಿನ್ನಿನ ‘ಲೀಮೆಸ್’ ಎಂದರೆ ಎರಡು ಹೊಲಗಳ ನಡುವಿನ ಕಾಲುದಾರಿ, ನಮ್ಮ ಬದುವಿನಂಥದ್ದು. ರೋಮನ್ ಸಾಮ್ರಾಜ್ಯ ಹಬ್ಬಿದ ಮೇಲೆ ಸಾಮ್ರಾಜ್ಯದ ಅಂಚಿನ ಕಾವಲು ಸಾಲಿಗೂ ಅದೇ ಹೆಸರು ಬಂತು. ಬ್ರಿಟನ್ನಿನಲ್ಲಿ ಕ್ರಿ.ಶ. 122ರಲ್ಲಿ ಕಟ್ಟತೊಡಗಿದ ಹೇಡ್ರಿಯನ್ ಗೋಡೆಯೂ ಆ ಸಾಲಿಗೆ ಸೇರಿದ್ದು. ಫ್ರೆಂಚಿನ ಮೂಲಕ 14ನೇ ಶತಮಾನದ ಕೊನೆಯ ಹೊತ್ತಿಗೆ ಪದ ಇಂಗ್ಲಿಷಿಗೆ ಬಂದು, ನಿಧಾನವಾಗಿ ನೆಲ ಬಿಟ್ಟು ಅಳತೆಯ ಕಡೆಗೆ ಸರಿಯಿತು. ನೆಲದ ಕೆಲಸವನ್ನು ಬೌಂಡರಿ, ಬಾರ್ಡರ್, ಫ್ರಂಟಿಯರ್‌ಗಳು ಹಂಚಿಕೊಂಡವು.

ರೋಮನ್ನರಿಗೆ ಗಡಿಕಲ್ಲಿಗೇ ಒಬ್ಬ ದೇವರಿದ್ದ, ಟರ್ಮಿನಸ್ ಎಂದು. ಫೆಬ್ರುವರಿ 23ರಂದು ಅಕ್ಕಪಕ್ಕದ ಹೊಲದವರು ಕೂಡಿ ಕಲ್ಲಿಗೆ ಮಾಲೆ ಹಾಕಿ ಪೂಜೆ ಮಾಡುತ್ತಿದ್ದರು. ಬೈಯಪ್ಪನಹಳ್ಳಿಯ ರೈಲ್ವೆ ಟರ್ಮಿನಲ್‌ನಲ್ಲಿ ಇಳಿಯುವಾಗ ನಾವು ಉಚ್ಚರಿಸುವುದು ಆ ಕಲ್ಲುದೇವರ ಹೆಸರಿನಿಂದ ಬಂದ ಪದವನ್ನೇ.

ನೆಲದ ಮಾತು

ಹೊಲದಲ್ಲಿ ಶುರುವಾದ ಪದವಾದ್ದರಿಂದ ನಾವೂ ಹೊಲದಿಂದಲೇ ಶುರುಮಾಡೋಣ. ನೆಲದ ವಿಷಯದಲ್ಲಿ ಕನ್ನಡ ಬಹಳ ಸಂಪನ್ನ ಭಾಷೆ. ಇಲ್ಲಿ ತಪ್ಪಿದರೆ ಬರೇ ವಾಕ್ಯ ಕೆಡುವುದಿಲ್ಲ, ಆಸ್ತಿಯೂ ಕೈಬಿಟ್ಟೀತು.

‘ಎಲ್ಲೆ’ ಹಳೆಯ ದ್ರಾವಿಡ ಪದ, ತಮಿಳಿನಲ್ಲಿ ಎಲ್ಲೈ. ‘ಗಡಿ’ಗೂ ಎಲ್ಲೆಗೂ ಇರುವ ವ್ಯತ್ಯಾಸವನ್ನು ನಾನು ಹೀಗೆ ನೆನಪಿಟ್ಟುಕೊಳ್ಳುತ್ತೇನೆ: ಗಡಿಯ ಆಚೆಗೆ ಇನ್ನೊಬ್ಬರಿರುತ್ತಾರೆ. ಗಡಿ ಎಂದರೆ ಎರಡು ಕಡೆಯವರ ನಡುವಿನ ಗೆರೆ. ಕರ್ನಾಟಕ, ಮಹಾರಾಷ್ಟ್ರಗಳ ನಡುವಿನದು ಗಡಿವಿವಾದ. 1966ರಲ್ಲಿ ನೇಮಕವಾಗಿ ಮರುವರ್ಷ ವರದಿ ಕೊಟ್ಟ ಮಹಾಜನ ಆಯೋಗ ನೋಡಿದ್ದು ಗಡಿಯನ್ನು. ಕಾಸರಗೋಡಿನವರು ಗಡಿನಾಡ ಕನ್ನಡಿಗರು. ಜಿಲ್ಲೆಯಿಂದ ಹೊರಹಾಕಿದರೆ ಗಡಿಪಾರು. ಊರಿನ ಮಾರಿಯನ್ನು ಗಡಿ ದಾಟಿಸುತ್ತಾರೆ, ಆಚೆಗೆ ಇನ್ನೊಂದು ಊರಿದೆ. ಎಲ್ಲೆಗೆ ಈ ಎದುರುಬದುರಿನ ಭಾವ ಅಷ್ಟಿಲ್ಲ. ಒಂದು ವಸ್ತು ಎಲ್ಲಿಯವರೆಗೆ ಹಬ್ಬಿದೆ ಎಂಬುದಷ್ಟನ್ನೇ ಅದು ಹೇಳುತ್ತದೆ. ಹಾಗಾಗಿ ಮನಸ್ಸಿನ ಸಂಗತಿಗಳಿಗೆ ಎಲ್ಲೆ ಚೆನ್ನಾಗಿ ಒಗ್ಗುತ್ತದೆ: ‘ಅವಳ ಸಂಭ್ರಮಕ್ಕೆ ಎಲ್ಲೆಯೇ ಇರಲಿಲ್ಲ.’ ಇದೇ ವಾಕ್ಯದಲ್ಲಿ ಗಡಿ ಎಂದು ಹಾಕಿ ನೋಡಿ, ಕಿವಿಯೇ ಬೇಡ ಎನ್ನುತ್ತದೆ.

ಅರಬ್ಬಿಯಿಂದ ಪಾರಸಿಯ ಮೂಲಕ ಬಂದದ್ದು ‘ಹದ್ದು’. ಹಕ್ಕಿಯ ಹೆಸರೂ ಹದ್ದೇ ಆದ್ದರಿಂದ ಬರಿಯ ಹದ್ದನ್ನು ಬರವಣಿಗೆಯಲ್ಲಿ ಜನ ತಪ್ಪಿಸುತ್ತಾರೆ, ಆದರೆ ಅದರ ಮಕ್ಕಳು ಗಟ್ಟಿಯಾಗಿ ಉಳಿದಿದ್ದಾರೆ. ಪೊಲೀಸರ ಕಾಗದಗಳಲ್ಲಿ ಅಪರಾಧ ನಡೆಯುವುದು ‘ಠಾಣಾ ಸರಹದ್ದಿನಲ್ಲಿ’. ಮಗ ಹಾದಿ ತಪ್ಪುತ್ತಿದ್ದರೆ ಅವನನ್ನು ‘ಹದ್ದುಬಸ್ತಿನಲ್ಲಿ’ ಇಡಬೇಕು ಎನ್ನುತ್ತೇವೆ. ಈ ಹದ್ದುಬಸ್ತು ಮೂಲದಲ್ಲಿ ಗಡಿ ಗೊತ್ತುಪಡಿಸುವ ಕೆಲಸ. ಇವತ್ತಿಗೂ ನಿಮ್ಮ ಜಮೀನಿನ ಗಡಿ ಎಲ್ಲಿದೆ ಎಂದು ಅಳೆದು ಗುರುತಿಸಿಕೊಡಿ ಎಂದು ಭೂಮಾಪನ ಇಲಾಖೆಗೆ ಹಾಕುವ ಅರ್ಜಿಯ ಹೆಸರು ಹದ್ದುಬಸ್ತು ಅರ್ಜಿಯೇ. ಪಾಲಾದ ಜಮೀನಿಗೆ ಪ್ರತ್ಯೇಕ ನಕ್ಷೆ, ನಂಬರು ಮಾಡಿಸುವುದು ಪೋಡಿ, ಎರಡೂ ಬೇರೆ. ಪಕ್ಕದವರು ಬದು ಒತ್ತಿದ್ದಾರೆ ಎಂಬ ಅನುಮಾನವಿದ್ದವರು ಕೇಳಬೇಕಾದದ್ದು ಹದ್ದುಬಸ್ತು. ಕಿಟಕಿಯ ಎದುರು ನಿಂತು ‘ಸರ್ವೆ ಮಾಡಿಸಬೇಕು’ ಎಂದಷ್ಟೇ ಹೇಳಿದರೆ ಯಾವ ಸರ್ವೆ ಎಂಬ ಪ್ರಶ್ನೆ ಬರುತ್ತದೆ. ಸರಿಯಾದ ಪದ ಗೊತ್ತಿದ್ದರೆ ಒಂದು ಓಡಾಟ ಉಳಿಯುತ್ತದೆ.

ಕ್ರಯಪತ್ರದ ಕೊನೆಯಲ್ಲಿ ‘ಚಕ್ಕುಬಂದಿ’ ಎಂಬ ಭಾಗ ಇರುತ್ತದೆ: ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ರಸ್ತೆ, ಉತ್ತರಕ್ಕೆ, ದಕ್ಷಿಣಕ್ಕೆ ಏನು ಎಂದು. ಪತ್ರ ಓದಿಸಿ ಕೇಳುವ ಹಿರಿಯರು ಬೆಲೆಯ ಅಂಕಿಗಿಂತ ಹೆಚ್ಚು ಗಮನ ಕೊಡುವುದು ಇದಕ್ಕೆ, ಅದಕ್ಕೆ ಕಾರಣವೂ ಇದೆ. ಪತ್ರದಲ್ಲಿ ಬರೆದ ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಗೇ ಹೆಚ್ಚು ತೂಕ ಕೊಡುತ್ತವೆ. ಸಹಿ ಹಾಕುವ ಮುನ್ನ ಪತ್ರ ಹಿಡಿದುಕೊಂಡು ಜಾಗದ ನಾಲ್ಕೂ ಮಗ್ಗುಲು ಒಮ್ಮೆ ನಡೆದು ಬನ್ನಿ. ಅನುವಾದಕರಿಗೆ ಇಲ್ಲಿ ಒಂದು ಎಚ್ಚರಿಕೆ: ಹಿಂದಿಯಲ್ಲಿ ಚಕ್‌ಬಂದಿ ಎಂದರೆ ಹರಿದು ಹಂಚಿಹೋದ ಹಿಡುವಳಿಗಳನ್ನು ಒಟ್ಟುಗೂಡಿಸುವುದು. ಕೇಳಲು ಒಂದೇ ಪದದಂತಿದ್ದರೂ ಕೆಲಸ ಬೇರೆ.

ಚಕ್ಕುಬಂದಿಯ ಹೆಸರು ಹೊರಗಿನಿಂದ ಬಂದಿರಬಹುದು, ಪದ್ಧತಿ ಮಾತ್ರ ನಮ್ಮಲ್ಲಿ ಬಹಳ ಹಳೆಯದು. ದಾನಶಾಸನಗಳನ್ನು ಓದಿದವರಿಗೆ ‘ಚತುಸ್ಸೀಮೆ’ ಗೊತ್ತು. ಮೂಡಣಕ್ಕೆ ಒಂದು ಮರ, ತೆಂಕಣಕ್ಕೆ ಕೆರೆಯ ಕೋಡಿ, ಪಡುವಣಕ್ಕೆ ನೆಟ್ಟ ಕಲ್ಲು ಎಂದು ನಾಲ್ಕು ದಿಕ್ಕನ್ನೂ ಹೆಸರಿಟ್ಟು ಕಟ್ಟುತ್ತಿದ್ದರು. ಶಿವಾಲಯಕ್ಕೆ ಬಿಟ್ಟ ಭೂಮಿಯ ಅಂಚಿಗೆ ಲಿಂಗಮುದ್ರೆಯ ಕಲ್ಲು, ವಿಷ್ಣುವಿನ ಗುಡಿಯ ಭೂಮಿಗೆ ವಾಮನಮುದ್ರೆ, ಬಸದಿಯ ಭೂಮಿಗೆ ಮುಕ್ಕೊಡೆ. ಓದು ಬಾರದವನಿಗೂ ಇದು ಯಾರ ನೆಲ ಎಂದು ಕಲ್ಲೇ ಹೇಳುತ್ತಿತ್ತು. ಇಂಥ ಕಲ್ಲುಗಳು ಇನ್ನೂ ಎಷ್ಟೋ ಹೊಲಗಳ ಅಂಚಿನಲ್ಲಿ ನಿಂತಿವೆ. ಕಂಡರೆ ಕೀಳಬೇಡಿ. ಕಲ್ಲನ್ನು ಅದರ ಜಾಗದಿಂದ ಎತ್ತಿದ ಕ್ಷಣಕ್ಕೆ ಅದು ಹೇಳುತ್ತಿದ್ದ ಅರ್ಧ ಮಾತು ಹೋಗಿಬಿಡುತ್ತದೆ.

ಸರ್ವೆಯವರು ನೆಡುವುದು ಬಾಂದುಕಲ್ಲು. ಹೊಲಗಳ ನಡುವೆ ಮಣ್ಣು ಏರಿಸಿದ್ದು ಬದು. ಬೆಳಗಾವಿ, ಧಾರವಾಡದ ಕಡೆ ಊರಿಗೆ ಸೇರಿದ ನೆಲದ ಅಷ್ಟೂ ಹರವಿಗೆ ‘ಶಿವಾರ’ ಎನ್ನುತ್ತಾರೆ. ಪಾಲಿಕೆ, ಪಂಚಾಯಿತಿಗಳ ಮಾತು ಬಂದಾಗ ‘ವ್ಯಾಪ್ತಿ’ ಸಾಕು: ಪಾಲಿಕೆ ವ್ಯಾಪ್ತಿಯಲ್ಲಿ, ಗ್ರಾಮ ಪಂಚಾಯಿತಿ ವ್ಯಾಪ್ತಿಯ ಹೊರಗೆ. ‘ನಗರದ ಮಿತಿಗಳ ಒಳಗೆ’ ಎಂದು ಬರೆದರೆ ಅದರ ಅಡಿಯಲ್ಲಿ ಇಂಗ್ಲಿಷ್ ವಾಕ್ಯ ಮಲಗಿರುವುದು ಕಾಣುತ್ತದೆ.

ಸೀಮೆಯ ಸಂಚಾರ

‘ಸೀಮೆ’ಯಷ್ಟು ಊರು ಸುತ್ತಿದ ಪದ ಈ ಕುಟುಂಬದಲ್ಲಿ ಬೇರೆ ಇಲ್ಲ. ಸಂಸ್ಕೃತದಲ್ಲಿ ಅದು ಗಡಿ. ಕನ್ನಡಕ್ಕೆ ಬಂದು ಗಡಿಯೊಳಗಿನ ನಾಡೇ ಸೀಮೆಯಾಯಿತು, ಬಯಲುಸೀಮೆ ಎನ್ನುವಂತೆ. ಆಮೇಲೆ ದೂರದ ಪರನಾಡು ಸೀಮೆಯಾಯಿತು. ಹಡಗಿನಲ್ಲಿ ಬಂದದ್ದೆಲ್ಲ ಸೀಮೆಯದು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು. ಬಸುರಿ ಹೆಣ್ಣಿಗೆ ಮಾಡುವ ಸೀಮಂತದಲ್ಲೂ ಇದೇ ಪದ ಅಡಗಿದೆ. ಸೀಮಂತ ಎಂದರೆ ತಲೆಗೂದಲನ್ನು ಎರಡಾಗಿಸುವ ಬೈತಲೆಯ ಗೆರೆ. ಆ ಬೈತಲೆ ತೆಗೆಯುವ ಸಂಸ್ಕಾರದಿಂದ ಹಬ್ಬಕ್ಕೆ ಆ ಹೆಸರು. ವಿಜಯದಶಮಿಯಂದು ಊರ ಎಲ್ಲೆ ದಾಟಿ ಬನ್ನಿಮರಕ್ಕೆ ಹೋಗುವುದು ಸೀಮೋಲ್ಲಂಘನ. ಮೈಸೂರಿನ ದಸರಾ ಮೆರವಣಿಗೆ ಬನ್ನಿಮಂಟಪಕ್ಕೆ ಹೋಗಿ ನಿಲ್ಲುವುದೂ ಆ ಕಾರಣಕ್ಕೇ.

ಅರ್ಥ ಇನ್ನೂ ಮುಂದೆ ಹೋಗಿದೆ. ಸೀಮೆ ಇಲ್ಲದವನು ‘ನಿಸ್ಸೀಮ’. ಹಾಗೆಂದರೆ ಕನ್ನಡದಲ್ಲಿ ಅಪಾರ ಕುಶಲಿ: ಲೆಕ್ಕದಲ್ಲಿ ನಿಸ್ಸೀಮ, ಸುಳ್ಳು ಹೇಳುವುದರಲ್ಲೂ ನಿಸ್ಸೀಮ. ಇಷ್ಟು ದೂರ ಬಂದ ಪದವನ್ನು ಮತ್ತೆ ಮೊದಲ ಅರ್ಥಕ್ಕೆ ಎಳೆದು ‘ವೇಗದ ಸೀಮೆ’, ‘ಸಾಲದ ಸೀಮೆ’ ಎಂದು ಬರೆಯುವುದು ಸರಿಬರುವುದಿಲ್ಲ.

ಬೋರ್ಡಿನ ಮೇಲಿನ ‘ನಿ.’

‘ಮಿತಿ’ ಅಳತೆಯ ಧಾತುವಿನಿಂದ ಬಂದ ಪದ. ಅಳೆಯಲು, ಎಣಿಸಲು, ತೂಗಲು ಬರುವ ಯಾವುದಕ್ಕೂ ಕಣ್ಣುಮುಚ್ಚಿ ಬಳಸಬಹುದು: ವಯೋಮಿತಿ, ಆದಾಯಮಿತಿ, ಸಾಲದ ಮಿತಿ, ಕಾಲಮಿತಿ. ವಿಧಾನಸಭೆಗೆ ನಿಂತ ಅಭ್ಯರ್ಥಿ ನಮ್ಮಲ್ಲಿ ಮಾಡಬಹುದಾದ ಚುನಾವಣಾ ವೆಚ್ಚಕ್ಕೆ 2022ರಲ್ಲಿ ಗೊತ್ತುಮಾಡಿದ ಮಿತಿ 40 ಲಕ್ಷ ರೂಪಾಯಿ. ವಾಹನ ಓಡಿಸುವವರ 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರದ ಮಿತಿ 30 ಮಿಲಿಗ್ರಾಂ. ಇಂದ್ರಾ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1992ರಲ್ಲಿ ಹೇಳಿದ್ದು ಮೀಸಲಾತಿಗೆ ಶೇ 50ರ ಮಿತಿ. ಇಂಗ್ಲಿಷ್ ಮೂಲದಲ್ಲಿ ಲಿಮಿಟ್ ಬದಲು ಸೀಲಿಂಗ್ ಎಂದಿದ್ದರೂ ನಮ್ಮ ಪದ ಇದೇ. 1961ರ ಭೂಸುಧಾರಣೆ ಕಾಯ್ದೆ, 1974ರ ಅದರ ತಿದ್ದುಪಡಿ ಬಂದಾಗ ಹಳ್ಳಿಯ ಬಾಯಿಗೆ ‘ಭೂಮಿತಿ’ ಸಲೀಸಾಗಿ ಬಂತು; ಯಾರೂ ಅದನ್ನು ಭೂಮಿಯ ಚಾವಣಿ ಎನ್ನಲಿಲ್ಲ. ಗಣಿತದ ಲಿಮಿಟ್ಟಿಗೂ ಮಿತಿ ಎನ್ನುತ್ತೇವೆ, ಆದರೆ ಪಾಠ ಹೇಳುವವರು ಒಂದು ಮಾತು ಸೇರಿಸಬೇಕು. ಒಂದಕ್ಕೆ ಅರ್ಧ, ಕಾಲು, ಅರೆಕಾಲು ಎಂದು ಕೂಡಿಸುತ್ತ ಹೋದರೆ ಮೊತ್ತ 2ನ್ನು ಸಮೀಪಿಸುತ್ತದೆ. ಅಲ್ಲಿ ಮೀರುವ ಪ್ರಶ್ನೆಯಿಲ್ಲ. ಸಮೀಪಿಸುವ ಮಿತಿ ಬೇರೆ, ಮೀರಬಾರದ ಮಿತಿ ಬೇರೆ ಎಂದು ಮೊದಲ ದಿನವೇ ಹೇಳಿದರೆ ಮಕ್ಕಳ ಗೊಂದಲ ಕಡಿಮೆಯಾಗುತ್ತದೆ.

ಮಿತಿಯ ಸುತ್ತ ಬೆಳೆದ ವಿಶೇಷಣಗಳಲ್ಲಿ ಎಚ್ಚರ ಬೇಕು. ಮಿತಭಾಷಿ, ಮಿತವ್ಯಯ ಎರಡೂ ಹೊಗಳಿಕೆ. ‘ಅಪರಿಮಿತ’ ಸಾಮಾನ್ಯವಾಗಿ ಒಳ್ಳೆಯದಕ್ಕೆ: ಅಪರಿಮಿತ ಪ್ರೀತಿ. ‘ಮಿತಿಮೀರಿದ’ ಎಂದೊಡನೆ ಅದು ದೂರು. ಮನುಷ್ಯನ ಕೊರತೆಗಳ ಮಾತು ಬಂದರೆ ಬರಿಯ ಮಿತಿಗಿಂತ ‘ಇತಿಮಿತಿ’ ಮೆತ್ತಗಿನದು. ‘ಅವರಿಗೂ ಅವರ ಇತಿಮಿತಿಗಳಿರುತ್ತವಲ್ಲ’ ಎನ್ನುವಾಗ ಅದರಲ್ಲಿ ಸ್ವಲ್ಪ ಕ್ಷಮೆ ಬೆರೆತಿರುತ್ತದೆ.

ಎಲ್ಲಕ್ಕಿಂತ ಕುತೂಹಲದ್ದು ‘ನಿಯಮಿತ’. ಕರ್ನಾಟಕದ ಯಾವ ಹಳ್ಳಿಗೆ ಹೋದರೂ ಡೇರಿಯ ಗೋಡೆಯ ಮೇಲೆ ‘ಹಾಲು ಉತ್ಪಾದಕರ ಸಹಕಾರ ಸಂಘ ನಿಯಮಿತ’ ಎಂದಿರುತ್ತದೆ, ಜಾಗ ಸಾಲದಿದ್ದರೆ ಬರಿಯ ‘ನಿ.’. ಇದು ಲಿಮಿಟೆಡ್ ಎಂಬುದರ ಕನ್ನಡ. ಸಂಸ್ಥೆ ಸಾಲದಲ್ಲಿ ಮುಳುಗಿದರೆ ಷೇರು ಹಾಕಿದವನು ತನ್ನ ಷೇರಿನ ಮೊತ್ತದಷ್ಟಕ್ಕೆ ಮಾತ್ರ ಹೊಣೆ, ಅವನ ಮನೆ ಹೊಲಗಳನ್ನು ಯಾರೂ ಕೇಳುವಂತಿಲ್ಲ ಎಂಬ ಭರವಸೆ ಆ ಒಂದು ಪದದಲ್ಲಿದೆ. ಬ್ರಿಟನ್ನಿನಲ್ಲಿ ಇದಕ್ಕೆ ಕಾನೂನು ಬಂದದ್ದು 1855ರಲ್ಲಿ. ಆದರೆ ಮನೆಮಾತಿನಲ್ಲಿ ನಿಯಮಿತ ಎಂದರೆ ತಪ್ಪದೆ ನಡೆಯುವಂಥದ್ದು: ‘ನಿಯಮಿತವಾಗಿ ಮಾತ್ರೆ ತೆಗೆದುಕೊಳ್ಳಿ.’ ಔಷಧಿಯ ಚೀಟಿ ಅನುವಾದಿಸುವವರು ದಯವಿಟ್ಟು ಇದನ್ನು ನೆನಪಿಡಬೇಕು. ‘ಲಿಮಿಟೆಡ್ ಪ್ರಮಾಣದಲ್ಲಿ’ ಎಂಬುದನ್ನು ‘ನಿಯಮಿತ ಪ್ರಮಾಣದಲ್ಲಿ’ ಎಂದು ಬರೆದರೆ ರೋಗಿ ಅದನ್ನು ದಿನಾ ನುಂಗಿಯಾನು. ಅಲ್ಲಿ ‘ಮಿತವಾಗಿ’ ಎನ್ನಬೇಕು. ಎಷ್ಟು ಎಂಬುದು ಗೊತ್ತಿದ್ದರೆ ಅಂಕಿಯನ್ನೇ ಬರೆಯಬೇಕು.

ಬೆಳಗಾವಿಯ ಕಡೆಯವರು ಇದೇ ಬೋರ್ಡಿನ ಇನ್ನೊಂದು ರೂಪವನ್ನೂ ಬಲ್ಲರು. ಮರಾಠಿಯಲ್ಲಿ ಸಹಕಾರ ಸಂಘಗಳ ಹೆಸರಿನ ಕೊನೆಗೆ ‘ಮರ್ಯಾದಿತ’ ಎಂದಿರುತ್ತದೆ. ಕನ್ನಡಿಗರಿಗೆ ಅದು ಮರ್ಯಾದಸ್ಥರ ಸಂಘ ಎಂಬಂತೆ ಕೇಳಿಸುತ್ತದೆ. ಸಂಸ್ಕೃತದಲ್ಲಿ ಮರ್ಯಾದೆ ಎಂದರೆ ಎಲ್ಲೆ. ಮರಾಠಿ ಆ ಅರ್ಥವನ್ನು ಉಳಿಸಿಕೊಂಡಿತು. ಕನ್ನಡ ಅದನ್ನು ಗೌರವವಾಗಿಸಿತು: ತನ್ನ ಎಲ್ಲೆ ತಿಳಿದು ನಡೆಯುವವನಿಗೆ ಸಿಗುವುದು ಮರ್ಯಾದೆ, ಇನ್ನೊಬ್ಬರ ಎಲ್ಲೆಯನ್ನು ನಾವು ಕಾಯುವುದೂ ಮರ್ಯಾದೆ. ‘ಮರ್ಯಾದೆಯಿಂದ ಮಾತಾಡು’ ಎಂಬ ಗದರಿಕೆಯಲ್ಲಿ ಎರಡೂ ಅರ್ಥ ಒಟ್ಟಿಗೇ ಕೇಳುತ್ತವೆ.

ಈಗ ನಗರದ ಮಕ್ಕಳು ‘ಬೌಂಡರಿ ಇಟ್ಟುಕೊಳ್ಳಬೇಕು’ ಎನ್ನುತ್ತಾರೆ. ಆಪ್ತಸಮಾಲೋಚಕರಿಂದ ಹಬ್ಬಿದ ಮಾತು. ಅದನ್ನು ‘ಗಡಿ ಹಾಕಿಕೊಳ್ಳಿ’ ಎಂದು ಕನ್ನಡಕ್ಕೆ ತಂದರೆ ಮುಳ್ಳುತಂತಿಯ ನೆನಪಾಗುತ್ತದೆ. ನಮ್ಮ ಮನೆಗಳಲ್ಲಿ ಈ ಸಂಗತಿಗೆ ಇರುವ ಪದ ‘ಸಲಿಗೆ’. ಒಬ್ಬರು ನಮ್ಮ ಬದುಕಿನೊಳಗೆ ಎಲ್ಲಿಯವರೆಗೆ ಬರಬಹುದು ಎಂಬುದನ್ನು ಅಳೆಯುವುದು ಸಲಿಗೆಯಿಂದಲೇ. ಸಲಿಗೆ ಕೊಡುತ್ತೇವೆ, ಅತಿ ಸಲಿಗೆ ಬೇಡ ಎನ್ನುತ್ತೇವೆ, ಸಲಿಗೆ ದುರುಪಯೋಗವಾಯಿತು ಎಂದು ನೊಂದುಕೊಳ್ಳುತ್ತೇವೆ. ‘ಅಕ್ಕ, ಈ ವಿಷಯ ನನ್ನ ಪಾಡಿಗೆ ಬಿಡು’ ಎಂದು ಹೇಳಬಲ್ಲವರು ಬೌಂಡರಿ ಇಟ್ಟುಕೊಂಡವರೇ. ನುಡಿಗಟ್ಟು ಬೇಕೇ ಬೇಕೆಂದರೆ ‘ಅಂತರ ಕಾಯ್ದುಕೊಳ್ಳಿ’ ಎನ್ನಬಹುದು.

‘ಮೇರೆ’ ಇಂದು ಒಂಟಿಯಾಗಿ ಕಾಣುವುದು ಅಪರೂಪ, ‘ಮೇರೆ ಮೀರಿದ ಉತ್ಸಾಹ’ದಂಥ ಕಡೆ ಮಾತ್ರ. ಕಚೇರಿಯಲ್ಲಿ ಅದು ‘ಆದೇಶದ ಮೇರೆಗೆ’ ಎಂದು ಬದುಕಿಕೊಂಡಿದೆ. ‘ಲಕ್ಷ್ಮಣರೇಖೆ’ ನಡತೆಗೆ, ಅದರಲ್ಲೂ ಅಧಿಕಾರದಲ್ಲಿರುವವರ ನಡತೆಗೆ. ಆ ಗೆರೆಯ ಪ್ರಸಂಗ ವಾಲ್ಮೀಕಿ ರಾಮಾಯಣದಲ್ಲಿ ಇಲ್ಲ, ಆನಂತರದ ಕಥನಗಳಿಂದ ಬಂದದ್ದು. ನ್ಯಾಯಾಂಗ, ಶಾಸಕಾಂಗಗಳ ತಿಕ್ಕಾಟದ ಸುದ್ದಿಗೆ ಸರಿಹೋಗುವ ಈ ಪದವನ್ನು ಸಕ್ಕರೆ ಕಾಯಿಲೆಯವರ ಪಥ್ಯಕ್ಕೆ ಬಳಸಿದರೆ ತೀರಾ ಭಾರವಾಗುತ್ತದೆ.

ಗಡುವು, ವಾಯಿದೆ, ಅವಧಿ

ಕಾಲದ ಮಿತಿಗೆ ಕನ್ನಡದ ಹೆಮ್ಮೆಯ ಪದ ‘ಗಡುವು’. ತೆಲುಗಿನಲ್ಲೂ ಗಡುವು, ತಮಿಳಿನಲ್ಲಿ ಕೆಡು. ಡೆಡ್‌ಲೈನ್ ಎಂಬ ಇಂಗ್ಲಿಷ್ ಪದದ ಹಿನ್ನೆಲೆ ತಿಳಿದ ಮೇಲೆ ನನಗೆ ಗಡುವಿನ ಮೇಲೆ ಪ್ರೀತಿ ಇನ್ನೂ ಹೆಚ್ಚಾಯಿತು. ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ, 1864ರಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ಗೋಡೆಯ ಒಳಬದಿಗೆ ಒಂದು ಗೆರೆ ಇತ್ತು. ಅದನ್ನು ದಾಟಿದ ಕೈದಿಗೆ ಗುಂಡು. ಆ ಸಾವಿನ ಗೆರೆಯೇ ಮುಂದೆ ಪತ್ರಿಕಾ ಕಚೇರಿಗಳಿಗೆ ಬಂದು ಸುದ್ದಿ ಕೊಡುವ ಕೊನೆಯ ಹೊತ್ತಾಯಿತು. ಗಡುವಿನಲ್ಲಿ ರಕ್ತವಿಲ್ಲ. ಗಡುವು ಕೊಡಬಹುದು, ಕೇಳಬಹುದು, ವಿಸ್ತರಿಸಬಹುದು.

‘ಅವಧಿ’ಗೆ ಆರಂಭವೂ ಇದೆ, ಕೊನೆಯೂ ಇದೆ, ಗಡುವಿಗೆ ಕೊನೆ ಮಾತ್ರ. ಸರ್ಕಾರದ ಅವಧಿ 5 ವರ್ಷ, ಅರ್ಜಿಯ ಗಡುವು 31ನೇ ತಾರೀಖು. ದಿನ ದಾಟಿದ ಔಷಧ ‘ಅವಧಿ ಮೀರಿದ’ದ್ದು. ‘ಕಾಲಮಿತಿ’ ಸೇವೆಗಳ ಪದ: 2011ರ ಸೇವಾ ಖಾತರಿ ಕಾಯ್ದೆ, ಜನರ ಬಾಯಲ್ಲಿ ‘ಸಕಾಲ’, ಸರ್ಕಾರಿ ಕೆಲಸಗಳಿಗೆ ಕಾಲಮಿತಿ ಹಾಕಿತು. ಉತ್ತರ ಕರ್ನಾಟಕದ ಪತ್ತಿನ ಸಂಘಗಳಲ್ಲಿ ‘ಮುದ್ದತಿ ಠೇವಣಿ’ ಇದೆ. ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ‘ವಾಯಿದೆ’ ಗೊತ್ತು, ವಿಚಾರಣೆ ಮುಂದಕ್ಕೆ ಹೋದ ದಿನ. ದಾವೆ ಹೂಡಲು ಕಾನೂನು ಕೊಟ್ಟ ಸಮಯಕ್ಕೂ ವಕೀಲರು ವಾಯಿದೆ ಎನ್ನುತ್ತಾರೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಕೊಟ್ಟ ಸಾಲದ ವಸೂಲಿಗೆ ಸಾಮಾನ್ಯವಾಗಿ 3 ವರ್ಷ, ಹಕ್ಕಿನ ಆಧಾರದ ಮೇಲೆ ಸ್ಥಿರಾಸ್ತಿಯ ಸ್ವಾಧೀನ ಕೇಳಲು 12 ವರ್ಷ. ‘ವಾಯಿದೆ ಮೀರಿದೆ’ ಎಂದು ವಕೀಲರು ಹೇಳಿದರೆ ಇನ್ನೊಂದು ದಿನ ಬರೋಣ ಎಂದಲ್ಲ ಅರ್ಥ, ದಾರಿಯೇ ಮುಚ್ಚಿಹೋಗಿರಬಹುದು. ತಕ್ಷಣ ಬಿಡಿಸಿ ಕೇಳಿ.

ನಾಮಪದವೇ ಬೇಡವಾದಾಗ

ಇಷ್ಟು ಪದಗಳನ್ನು ಹರವಿಟ್ಟ ಮೇಲೆ ಇದನ್ನು ಹೇಳುವುದು ವಿಚಿತ್ರವಾಗಿ ಕಾಣಬಹುದು: ಎಷ್ಟೋ ಸಲ ಇವುಗಳಲ್ಲಿ ಒಂದೂ ಬೇಕಾಗುವುದಿಲ್ಲ. ಮಿತಿ ಹೇರುವ ಕೆಲಸವನ್ನು ಕನ್ನಡ ಹೆಚ್ಚಾಗಿ ಸಣ್ಣ ಸಣ್ಣ ಪ್ರತ್ಯಯ, ಅವ್ಯಯಗಳಿಂದ ಮಾಡಿಸುತ್ತದೆ. ಒಳಗೆ, ವರೆಗೆ, ತನಕ, ಮಾತ್ರ, ಅಷ್ಟೇ, ಮೀರದಂತೆ. ಪೋಲಿಯೊ ಹನಿ ಹಾಕಿಸಲು ಊರೂರಲ್ಲಿ ಕೂಗಿ ಹೇಳುವುದು ‘5 ವರ್ಷದೊಳಗಿನ ಮಕ್ಕಳು’ ಎಂದು. ವಯೋಮಿತಿ ಎಂಬ ಪದವೇ ಇಲ್ಲ, ಅರ್ಥ ಎಲ್ಲೂ ಸೋರಿಲ್ಲ. ‘ಈ ಸೌಲಭ್ಯವು ಹಿರಿಯ ನಾಗರಿಕರಿಗೆ ಸೀಮಿತವಾಗಿರುತ್ತದೆ’ ಎಂಬಲ್ಲಿ ‘ಹಿರಿಯ ನಾಗರಿಕರಿಗೆ ಮಾತ್ರ’ ಎಂದರೆ ಮುಗಿಯಿತು. ‘ಪ್ರಬಂಧದ ಪದಮಿತಿ 500 ಆಗಿರುತ್ತದೆ’ ಎನ್ನುವ ಬದಲು ‘ಪ್ರಬಂಧ 500 ಪದ ಮೀರದಿರಲಿ’. ಅಂಗಡಿಯವರ ‘ಸೀಮಿತ ಸ್ಟಾಕ್’ಗೆ ‘ದಾಸ್ತಾನು ಮುಗಿಯುವವರೆಗೆ’. ಲಿಫ್ಟಿನಲ್ಲಿ ‘ಒಮ್ಮೆಗೆ 6 ಜನ ಮಾತ್ರ’. ನಮ್ಮ ಗೇಟಿನ ಫಲಕಕ್ಕೂ ‘ವೇಗ 20 ಮೀರದಿರಲಿ’ ಎಂದರೆ ಆಯಿತು; ವೇಗಮಿತಿ ಎಂಬ ಸರಿಯಾದ ಪದಕ್ಕಿಂತಲೂ ಇದು ಸವಾರನಿಗೆ ಬೇಗ ಮುಟ್ಟುತ್ತದೆ.

ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಇದರಿಂದ ಅರ್ಜಿಗಳೇ ತಿರಸ್ಕಾರವಾಗುತ್ತವೆ. ‘31ರೊಳಗೆ ಸಲ್ಲಿಸಿ’ ಎಂದರೆ 31ನೇ ತಾರೀಖು ಸೇರಿತೋ ಇಲ್ಲವೋ? ಕೆಲವರು ಸೇರಿತು ಎನ್ನುತ್ತಾರೆ, ಕೆಲವರು 30ಕ್ಕೇ ಮುಗಿಯಿತು ಎನ್ನುತ್ತಾರೆ. ‘31ರವರೆಗೆ’ ಎಂಬಲ್ಲಿ ಅನುಮಾನ ಕಡಿಮೆ, ಆದರೂ ಬೆಳಿಗ್ಗೆಯೋ ಸಂಜೆಯೋ ತಿಳಿಯದು. ಪ್ರಕಟಣೆ ಬರೆಯುವವರು ‘31ನೇ ತಾರೀಖು ಸಂಜೆ 5.30ರವರೆಗೆ’ ಎಂದು ಬರೆಯುವ ರೂಢಿ ಮಾಡಿಕೊಂಡರೆ ದೂರದ ಊರಿಂದ ಬಸ್ಸು ಹತ್ತಿ ಬರುವ ಎಷ್ಟೋ ಹುಡುಗರಿಗೆ ಉಪಕಾರ. ಓದುವವರೂ ಅಷ್ಟೇ, ‘ಒಳಗೆ’ ಎಂದು ಕಂಡರೆ ಹಿಂದಿನ ದಿನವೇ ಮುಗಿಸಿಬಿಡಿ.

ಕ್ರಿಕೆಟ್ಟಿನ ಬೌಂಡರಿಯನ್ನು ಬೌಂಡರಿಯಾಗಿಯೇ ಬಿಡಿ. ನಾಲ್ಕು ರನ್ನಿಗೆ ಅದು ನಮ್ಮದೇ ಪದವಾಗಿದೆ. ಮಾತಿನಲ್ಲಿ ‘ಸ್ವಲ್ಪ ಲಿಮಿಟ್ಟಲ್ಲಿರು’ ಎನ್ನುವವರನ್ನು ತಿದ್ದಲು ಹೋಗಬೇಕಿಲ್ಲ, ಅವರು ಉಕಾರವನ್ನೋ ಅಲ್ಲಿಯನ್ನೋ ಹಚ್ಚಿ ಅದನ್ನು ಕನ್ನಡದ ವ್ಯಾಕರಣಕ್ಕೆ ಒಗ್ಗಿಸಿಕೊಂಡಿದ್ದಾರೆ. ಆಕಾಶವೇ ಮಿತಿ ಎಂಬ ಮಾತನ್ನು ಮಾತ್ರ ಭಾಷಣಗಳಿಂದ ತೆಗೆದರೆ ಒಳ್ಳೆಯದು. ‘ಇಷ್ಟೇ ಎಂಬುದಿಲ್ಲ’ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ಅದನ್ನೇ.

ಇನ್ನು, ಸಿಟ್ಟು ಬಂದಾಗ ಇಂಗ್ಲಿಷಿನವರು ‘ದಟ್ಸ್ ದ ಲಿಮಿಟ್’ ಎನ್ನುತ್ತಾರಲ್ಲ, ಅದಕ್ಕೇನು ಎಂದು ಅನುವಾದಕ ಗೆಳೆಯರು ಕೇಳುತ್ತಾರೆ. ‘ಇದು ಅತಿಯಾಯಿತು’ ಎನ್ನಬಹುದು, ‘ಸಹನೆಯ ಕಟ್ಟೆ ಒಡೆಯಿತು’ ಎನ್ನಬಹುದು. ನಾನು ಹೆಚ್ಚಾಗಿ ಬರೆಯುವುದು ‘ಸಾಕು’ ಎಂಬ ಎರಡಕ್ಷರವನ್ನು. ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸುವವರು ಇನ್ನೊಂದು ಸೌಟು ಎಂದು ಬಾಗುತ್ತಾರೆ, ಕುಳಿತವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಸಾಕು ಎನ್ನುತ್ತಾರೆ. ಅಷ್ಟಾದರೂ ಬಡಿಸುವವರು ಒಂದು ತುತ್ತು ಹಾಕಿಯೇ ಮುಂದೆ ಹೋಗುತ್ತಾರೆ.